ಆಸ್ಪತ್ರೆ ಬಾಗಿಲು ಮುಚ್ಚಿದ ವಾರ | ನಮ್ಮೂರ ಇತಿಹಾಸ, ಭಾಗ 6

ನವೆಂಬರ್ 2017. ನಾವೆಲ್ಲ ಆಗ ಸ್ಕೂಲಲ್ಲಿದ್ವಿ. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳ ಒಪಿಡಿ ಬಂದ್. ಜಯನಗರದಲ್ಲಿ ಜ್ವರ ಬಂದವರಿಗೆ 4ನೇ ಟಿ ಬ್ಲಾಕಿನ ಜನರಲ್ ಆಸ್ಪತ್ರೆನೇ ಗತಿ.

ಯಾಕೆ ಗೊತ್ತಾ? ಕೆಪಿಎಂಇ ತಿದ್ದುಪಡಿ ಮಸೂದೆ. ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಂದಿದ್ದು. ಖಾಸಗಿ ಆಸ್ಪತ್ರೆ ದರಕ್ಕೆ ಮಿತಿ, ರೋಗಿಗಳ ದೂರಿಗೆ ಜಿಲ್ಲಾ ಸಮಿತಿ, ತಪ್ಪಿದ್ರೆ ದಂಡ, ಜೈಲು.

ವೈದ್ಯರು ಬೆಳಗಾವಿ ಅಧಿವೇಶನದ ಹತ್ರಾನೇ ಹೋಗಿ ಪ್ರತಿಭಟಿಸಿದ್ರು. ಚಿಕಿತ್ಸೆ ಫಲಿಸದಿದ್ರೂ ಜೈಲಾ ಅನ್ನೋ ಅವರ ಭಯ ಸುಳ್ಳಲ್ಲ. ಮಸೂದೆ ಬೇಕು ಅಂತ ಜನಾರೋಗ್ಯ ಸಂಘಟನೆಗಳೂ ದನಿ ಎತ್ತಿದ್ವು. ಆದ್ರೆ ಮುಷ್ಕರ ಮಾಡೋಕೆ ರೋಗಿ ಹತ್ರ ಮುಚ್ಚೋ ಬಾಗಿಲು ಎಲ್ಲಿದೆ, ನೀವೇ ಹೇಳಿ.

ನವೆಂಬರ್ 17ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಜೊತೆ ಮಾತುಕತೆ, ಮುಷ್ಕರ ವಾಪಸ್. ಅದೇ ಅಧಿವೇಶನದಲ್ಲಿ ಮಸೂದೆ ಪಾಸಾಯ್ತು, ಆದ್ರೆ ವೈದ್ಯರು ವಿರೋಧಿಸಿದ ಜೈಲು ಶಿಕ್ಷೆ ಕೈಬಿಟ್ಟು.

ಉಳಿದಿದ್ದೂ ಇದೆ. ಬಿಲ್ ಬಾಕಿ ಅಂತ ಶವ ಹಿಡಿದಿಟ್ಕೊಳ್ಳೋ ಹಾಗಿಲ್ಲ. ದರಪಟ್ಟಿ ಕಾಣೋ ಹಾಗೆ ಹಾಕ್ಬೇಕು. ದೂರು ಕೇಳೋಕೆ ಜಿಲ್ಲಾಧಿಕಾರಿ ನೇತೃತ್ವದ ಸಮಿತಿ ಇದೆ.

ಸೇವ್ ಮಾಡ್ಕೊಳ್ಳಿ, ಮನೇಲೂ ಹೇಳಿ. ಆಸ್ಪತ್ರೆ ಕೌಂಟರ್ ಮುಂದೆ ನಿಂತಾಗ ಇದನ್ನೆಲ್ಲ ಹುಡುಕೋಕೆ ಟೈಮ್ ಇರಲ್ಲ.

#ನಮ್ಮೂರಇತಿಹಾಸ #ಜಯನಗರ #ರೋಗಿಗಳಹಕ್ಕು