ಕೋಲಾರ ಸೀಮೆಯಲ್ಲಿ ಅರ್ಥಾರ್ಜನೆಯ ಪೂರ್ವಮಾರ್ಗ

ಧರ್ಮ, ಅರ್ಥ, ಕಾಮ, ಮೋಕ್ಷಗಳೆಂದು ಪುರುಷಾರ್ಥಗಳು ನಾಲ್ಕು. ಇವುಗಳಲ್ಲಿ ಅರ್ಥವು ಎರಡನೆಯದು. ಅದರ ಹಿಂದೆ ಧರ್ಮವು ಕಾವಲಾಗಿಯೂ ಕೊನೆಯಲ್ಲಿ ಮೋಕ್ಷವು ಗುರಿಯಾಗಿಯೂ ನಿಂತಿರುವುವು. ಪೂರ್ವಿಕರು ಧನವನ್ನು ಹೇಯವೆಂದು ತಳ್ಳಿದವರೂ ಅಲ್ಲ, ಅದನ್ನೇ ಪರಮಪದವೆಂದು ತಬ್ಬಿದವರೂ ಅಲ್ಲ. ಗಳಿಸುವ ದಾರಿ ಯಾವುದು, ಗಳಿಸಿದುದರಲ್ಲಿ ತನ್ನ ಪಾಲೆಷ್ಟು, ಉಳಿದುದು ಯಾರಿಗೆ ಸಲ್ಲತಕ್ಕುದು ಎಂಬ ಮೂರು ಪ್ರಶ್ನೆಗಳನ್ನು ಅವರು ಕೇಳಿಕೊಂಡರು. ಆ ಪ್ರಶ್ನೆಗಳಿಗೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನೆಲವು ಸಾವಿರ ವರ್ಷಗಳಿಂದ ಕೊಟ್ಟಿರುವ ಉತ್ತರಗಳು ಶಿಲೆಯಲ್ಲಿಯೂ ಮಣ್ಣಿನಲ್ಲಿಯೂ ಬರೆದಿವೆ.

೧. ಶಾಸ್ತ್ರದ ಮಾತು

ಅರ್ಥದ ವಿಚಾರವನ್ನು ಸಾಂಗವಾಗಿ ನಿರೂಪಿಸಿದ ಗ್ರಂಥವೆಂದರೆ ಕೌಟಿಲ್ಯನ ಅರ್ಥಶಾಸ್ತ್ರವು. ಬಹುಕಾಲ ಹೆಸರುಮಾತ್ರದಿಂದ ತಿಳಿದಿದ್ದ ಈ ಗ್ರಂಥವನ್ನು ಮೈಸೂರಿನ ಪ್ರಾಚ್ಯಗ್ರಂಥಭಂಡಾರಕ್ಕೆ ಬಂದ ಓಲೆಯ ಪ್ರತಿಯಿಂದ ಶೋಧಿಸಿ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದರು. ಇದರಿಂದ ಲೋಕಕ್ಕೆಲ್ಲ ಭಾರತೀಯರ ಅರ್ಥಚಿಂತನೆಯ ಪರಿಚಯವುಂಟಾಯಿತು. ಆ ಕೀರ್ತಿಯು ಕನ್ನಡನಾಡಿಗೆ ಸಂದಿದೆ.

ಕೌಟಿಲ್ಯನು ಧನವನ್ನು ಕೂಡಿಡುವುದಕ್ಕಿಂತ ಧನವು ಹುಟ್ಟುವ ಮೂಲವನ್ನು ಕಾಯುವುದಕ್ಕೆ ಹೆಚ್ಚಿನ ಬೆಲೆಯನ್ನಿತ್ತನು. ಹೊಸದಾಗಿ ಕೆರೆಕಟ್ಟೆಗಳನ್ನು ಕಟ್ಟಿಸಿದವನಿಗೆ ಐದು ವರ್ಷ, ಒಡೆದು ಪಾಳುಬಿದ್ದುದನ್ನು ಸರಿಪಡಿಸಿದವನಿಗೆ ನಾಲ್ಕು ವರ್ಷ, ಗಿಡಗಂಟಿ ಬೆಳೆದು ಮುಚ್ಚಿದುದನ್ನು ತೆರವು ಮಾಡಿದವನಿಗೆ ಮೂರು ವರ್ಷ ಕಂದಾಯದ ವಿನಾಯಿತಿ ಸಲ್ಲಬೇಕೆಂದು ಅವನು ವಿಧಿಸಿದ್ದಾನೆ. ಆಪತ್ಕಾಲವಿಲ್ಲದೆ ಐದು ವರ್ಷ ಕೆರೆಯನ್ನು ಉಪಯೋಗಿಸದೆ ಬಿಟ್ಟವನು ಅದರ ಒಡೆತನವನ್ನೇ ಕಳೆದುಕೊಳ್ಳುವನು. ಸಾಲಕ್ಕೆ ತಿಂಗಳಿಗೆ ನೂರಕ್ಕೆ ಒಂದೂಕಾಲು ಪಣವು ಧರ್ಮ್ಯವಾದ ಬಡ್ಡಿಯೆಂದೂ, ವ್ಯಾಪಾರದ ಸಾಲಕ್ಕೆ ಐದು, ಕಾಡುದಾರಿಯ ವರ್ತಕರಿಗೆ ಹತ್ತು, ಸಮುದ್ರಯಾನದವರಿಗೆ ಇಪ್ಪತ್ತು ಪಣದವರೆಗೆ ಬಡ್ಡಿಯೆಂದೂ ಅವನು ಗೊತ್ತುಮಾಡಿದನು. ಅಪಾಯವು ಹೆಚ್ಚಿದಷ್ಟು ಲಾಭವೂ ಹೆಚ್ಚಬಹುದು. ಆದರೆ ಆ ಲಾಭಕ್ಕೂ ಒಂದು ಮೇರೆಯುಂಟು ಎಂಬುದೇ ಇದರ ಸಾರ.

೨. ಆವಣಿಯ ತಪಸ್ವಿ

ಶಾಸ್ತ್ರದಲ್ಲಿ ವಿಧಿಸಿದುದು ಈ ಸೀಮೆಯಲ್ಲಿ ಆಚರಣೆಯಾಗಿ ಕಾಣಬರುತ್ತದೆ. ಕುವಲಾಲವೆಂಬ ಪ್ರಾಚೀನ ನಾಮವುಳ್ಳ ಕೋಲಾರವು ಗಂಗ ಅರಸರ ಮೊದಲ ರಾಜಧಾನಿ. ತರುವಾಯ ಬಾಣರೂ ನೊಳಂಬರೂ ಚೋಳರೂ ಹೊಯ್ಸಳರೂ ವಿಜಯನಗರದವರೂ ಈ ನಾಡನ್ನಾಳಿದರು. ಇವರೆಲ್ಲರಿಗೂ ಒಂದೇ ಕಷ್ಟವು ಎದುರಾಯಿತು. ಈ ಭೂಮಿಯಲ್ಲಿ ವರ್ಷವೆಲ್ಲ ಹರಿಯುವ ನದಿಯಿಲ್ಲ. ಪಾಲಾರು ಈ ನೆಲದಲ್ಲಿ ಹರಿದರೂ ಮಳೆಗಾಲ ಕಳೆದರೆ ಮರಳಾಗಿ ಮಲಗುವುದು. ಆದಕಾರಣ ಬಿದ್ದ ಮಳೆಯನ್ನು ಹಿಡಿದಿಟ್ಟುಕೊಂಡವನೇ ಇಲ್ಲಿ ಐಶ್ವರ್ಯವಂತನು.

ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ರಾಮಲಿಂಗೇಶ್ವರನೇ ಮೊದಲಾದ ನೊಳಂಬರ ಕಾಲದ ದೇವಾಲಯಗಳ ಸಮೂಹವಿದೆ. ಅಲ್ಲಿಯ ಶಾಸನವೊಂದು ತ್ರಿಭುವನಕರ್ತದೇವನೆಂಬ ಶೈವ ತಪಸ್ವಿಯ ಚರಿತ್ರೆಯನ್ನು ತಿಳಿಸುವುದು. ಆವಣಿಯ ಸ್ಥಾನವನ್ನು ಈತನು ನಲವತ್ತು ವರ್ಷ ನಡೆಸಿ, ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿ, ಕ್ರಿ. ಶ. ೯೩೧ರಲ್ಲಿ ಶಿವಸಾಯುಜ್ಯವನ್ನೈದಿದನು. ಆತನಿಗೆ ಕಲಿಯುಗರುದ್ರನೆಂಬ ಬಿರುದಿತ್ತು. ಸರ್ವಸಂಗಪರಿತ್ಯಾಗಿಯಾದವನು ಸ್ಥಾನಕ್ಕೆ ಬಂದ ಅರ್ಥವನ್ನು ಅಷ್ಟು ದಕ್ಷತೆಯಿಂದ ವಿನಿಯೋಗಿಸಿದುದು ಗಮನಾರ್ಹವಾದ ಸಂಗತಿ. ತನಗೆ ಬೇಡವಾದವನೇ ಊರಿನ ಧನವನ್ನು ಚೆನ್ನಾಗಿ ಕಾಯಬಲ್ಲನು. ಆತನು ಕಟ್ಟಿಸಿದುದರಲ್ಲಿ ಗುಡಿಯು ಭಕ್ತಿಗೆ ಆಶ್ರಯವಾದರೆ ಕೆರೆಯು ಅನ್ನಕ್ಕೆ ಆಶ್ರಯವಾಯಿತು.

ಕೆರೆಯನ್ನು ಕಟ್ಟುವುದರೊಡನೆ ಕಾರ್ಯವು ಮುಗಿಯುತ್ತಿರಲಿಲ್ಲ. ಏರಿಯು ಬಿರಿಯುವುದು, ತೂಬು ಸಡಿಲುವುದು, ಹೂಳು ತುಂಬುವುದು ಸಹಜ. ಅದಕ್ಕಾಗಿಯೇ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾನ್ಯಗಳು ಏರ್ಪಟ್ಟವು. ಕೆರೆಯನ್ನು ಕಟ್ಟಿದವನಿಗೋ ಕಾಪಾಡುವವನಿಗೋ ಆ ಕೆರೆಯ ಅಚ್ಚುಕಟ್ಟಿನಲ್ಲಿಯೇ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಕೆರೆಯಲ್ಲಿ ನೀರು ನಿಂತರೆ ಅವನ ಗದ್ದೆಯು ಬೆಳೆಯುವುದು. ಅವನು ಉಪೇಕ್ಷಿಸಿದರೆ ಊರಿನ ಗದ್ದೆಯೊಡನೆ ಅವನ ಗದ್ದೆಯೂ ಒಣಗುವುದು. ಒಬ್ಬನ ಸ್ವಾರ್ಥವನ್ನೂ ಊರಿನ ಪರಾರ್ಥವನ್ನೂ ಒಂದೇ ತೂಬಿನ ನೀರಿನಲ್ಲಿ ಕೂಡಿಸಿದ ಈ ಜಾಣ್ಮೆಯು ಇಂದಿನ ಅರ್ಥಪಂಡಿತರಿಗೂ ಮಾರ್ಗದರ್ಶಕವಾಗತಕ್ಕುದು. ತೂಬಿನ ನೀರನ್ನು ಸರದಿಯಂತೆ ಹಂಚುವ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಧಾನ್ಯವು ಸಲ್ಲುತ್ತಿತ್ತು. ಹೊಲದವನಿಗೆ ಬೆಳೆ ಬಂದರೆ ಅವನಿಗೂ ಕೂಲಿ ಬಂದಂತೆಯೇ.

೩. ಶರಣರ ಕಾಯಕ

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಈ ಹಳೆಯ ವಿಚಾರಕ್ಕೆ ಹೊಸ ಜೀವವನ್ನಿತ್ತರು. ಅದುವರೆಗೆ ಅರ್ಥವು ಧರ್ಮಕ್ಕೆ ಸಾಧನವೆನಿಸಿತ್ತು. ಶರಣರಾದರೋ ಅರ್ಥವನ್ನು ಗಳಿಸುವ ದುಡಿಮೆಯೇ ಶಿವಪೂಜೆಯೆಂದು ಸಾರಿದರು. ಅಂಬಿಗನೂ ಮಡಿವಾಳನೂ ಹಗ್ಗ ಹೊಸೆಯುವವನೂ ಕಟ್ಟಿಗೆ ಮಾರುವವನೂ ಅನುಭವಮಂಟಪದಲ್ಲಿ ಸಮಾನರಾಗಿ ಕುಳಿತರು. ದುಡಿಯದೆ ಉಣ್ಣುವ ಅಧಿಕಾರವು ಗುರುವಿಗೂ ಇಲ್ಲ, ಜಂಗಮಕ್ಕೂ ಇಲ್ಲವೆಂಬುದು ಅವರ ನಿರ್ಣಯ. ಕಾಯಕವು ಸತ್ಯಶುದ್ಧವಾಗಿರಬೇಕು, ಅದರಿಂದ ಬಂದುದು ದಾಸೋಹಕ್ಕೆ ಸಲ್ಲಬೇಕು, ನಾಳೆಗೆಂದು ಮಿತಿಮೀರಿ ಕೂಡಿಡಬಾರದು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯು ಭಕ್ತರಿಗೆಲ್ಲ ತಿಳಿದುದೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ ಲಕ್ಕಮ್ಮನು ಅದನ್ನು ಒಲೆಗೇರಿಸದೆ, ಹೆಚ್ಚಾದುದನ್ನು ಎಲ್ಲಿಂದ ತಂದನೋ ಅಲ್ಲಿಯೇ ಚೆಲ್ಲಿ ಬರುವಂತೆ ಪತಿಯನ್ನು ಕಳುಹಿಸಿದಳು. ಆ ಅಕ್ಕಿಯನ್ನು ಯಾರಿಂದಲೂ ಕದ್ದುದಲ್ಲ, ಯಾರನ್ನೂ ವಂಚಿಸಿ ತಂದುದಲ್ಲ. ಹೀಗಿದ್ದರೂ ತನ್ನ ಅಗತ್ಯಕ್ಕೆ ಮೀರಿದುದು ಮತ್ತೊಬ್ಬರ ಪಾಲೆಂಬುದು ಆ ತಾಯಿಯ ವಿವೇಕ. ಅರ್ಥಾರ್ಜನೆಯಲ್ಲಿ ನ್ಯಾಯವಾದ ದಾರಿಯು ಮಾತ್ರವೇ ಸಾಲದು, ಮಿತಿಯೂ ಬೇಕು ಎಂಬ ಪಾಠವನ್ನು ಬಡ ಗುಡಿಸಿಲಿನ ಗೃಹಿಣಿಯೊಬ್ಬಳು ಕಲಿಸಿದಳು.

ಅತ್ತ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ರಾಜದ್ರವ್ಯವನ್ನು ದಾಸೋಹಕ್ಕೆ ವ್ಯಯಿಸಿದರೆಂದು ಹೊಟ್ಟೆಕಿಚ್ಚಿನವರು ದೂರಿದಾಗ ಲೆಕ್ಕವನ್ನು ನೋಡಲಾಗಿ ಒಂದು ಹಣವೂ ಕೊರತೆಯಾಗಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ದಾನವು ಸ್ವಂತ ದುಡಿಮೆಯಿಂದಾಗಬೇಕೇ ಹೊರತು ಪರರ ಗಂಟಿನಿಂದಲ್ಲ. ಪರರ ಗಂಟನ್ನು ಕಾಯುವವನ ಲೆಕ್ಕವು ಯಾವಾಗ ಬಿಚ್ಚಿದರೂ ಶುದ್ಧವಾಗಿರಬೇಕು.

೪. ಮುಳಬಾಗಿಲಿನ ದಂಡೇಶ

ಶರಣಧರ್ಮವು ಬಡವರಿಗೆ ಮಾತ್ರ ಸಾಧ್ಯವಾದುದು, ಅಧಿಕಾರಿಗಳಿಗೂ ಶ್ರೀಮಂತರಿಗೂ ಅಲ್ಲವೆಂದು ಭಾವಿಸುವವರುಂಟು. ಅಂಥವರಿಗೆ ಲಕ್ಕಣ್ಣ ದಂಡೇಶನ ಚರಿತ್ರೆಯು ಸಮಾಧಾನವನ್ನೀಯುವುದು. ಪ್ರೌಢದೇವರಾಯನು ವಿಜಯನಗರದಲ್ಲಿ ೧೪೨೪ರಿಂದ ೧೪೪೬ರವರೆಗೆ ರಾಜ್ಯವಾಳಿದನು. ಆ ದೊರೆಯ ಮಂತ್ರಿಯೂ ದಂಡನಾಯಕನೂ ಆಗಿ ಮುಳಬಾಗಿಲು ರಾಜ್ಯದ ಆಡಳಿತವನ್ನು ಲಕ್ಕಣ್ಣನು ವಹಿಸಿದ್ದನು. ಸೈನ್ಯ, ಸುಂಕ, ಸಮುದ್ರವ್ಯಾಪಾರಗಳ ಭಾರವನ್ನು ಹೊತ್ತ ಈತನೇ ಶಿವತತ್ತ್ವಚಿಂತಾಮಣಿಯನ್ನು ರಚಿಸಿ, ಶಿವನ ಲೀಲೆಗಳನ್ನೂ ಶರಣರ ಚರಿತ್ರೆಗಳನ್ನೂ ವೀರಶೈವಾಚಾರವನ್ನೂ ಅದರಲ್ಲಿ ಸಂಗ್ರಹಿಸಿದನು. ನೂರೊಂದು ವಿರಕ್ತರು ವಿಜಯನಗರದಲ್ಲಿ ನೆರೆದು ವಚನಗಳನ್ನು ಉಳಿಸಿ ಬೆಳೆಸಿದುದೂ ಆ ಕಾಲದಲ್ಲಿಯೇ. ಆತನು ಏರಿದ ಪದವಿಯೂ ಆಳಿದ ಸೀಮೆಯೂ ಕಾಲವಶವಾದವು, ಗ್ರಂಥವು ಉಳಿಯಿತು. ಸಂಪತ್ತಿನಲ್ಲಿ ಯಾವ ಭಾಗವು ವಿದ್ಯೆಗೂ ಧರ್ಮಕ್ಕೂ ಸಂದಿತೋ ಆ ಭಾಗಕ್ಕೆ ಮಾತ್ರ ಕಾಲನು ಕೈಯಿಕ್ಕಲಾರನು.

೫. ಕನಕದ ಕಥೆ

ಕೋಲಾರವೆಂದೊಡನೆ ಲೋಕಕ್ಕೆ ನೆನಪಾಗುವುದು ಚಿನ್ನ. ಮಾರಿಕುಪ್ಪಂ, ಉರಿಗಾಂ ಸುತ್ತಣ ಗ್ರಾಮಸ್ಥರು ಮಣ್ಣನ್ನು ತೊಳೆದು ಹೊನ್ನಿನ ಕಣಗಳನ್ನು ತೆಗೆಯುತ್ತಿದ್ದುದನ್ನು ೧೮೦೨ರಲ್ಲಿ ವಾರನ್ ಎಂಬ ಆಂಗ್ಲ ಸೈನ್ಯಾಧಿಕಾರಿಯು ಪರೀಕ್ಷಿಸಿದನು. ೧೮೭೩ರಲ್ಲಿ ಲಾವೆಲ್ಲನು ಗಣಿಯ ಪರವಾನಗಿಯನ್ನು ಕೋರಿದನು. ೧೮೮೦ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಗಣಿಗಳು ವೃದ್ಧಿಗೊಂಡವು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ತೊಂಬತ್ತಕ್ಕೂ ಹೆಚ್ಚು ಮೈಲಿಗಳ ತಂತಿಯ ಮೂಲಕ ಇಲ್ಲಿಗೆ ಬಂದಿತು. ಛಾಂಪಿಯನ್ ರೀಫ್ ಗಣಿಯು ಮೂರು ಸಾವಿರ ಮೀಟರುಗಳಿಗೂ ಆಳವಾಗಿ ಇಳಿಯಿತು. ಸುಮಾರು ೧೨೦ ವರ್ಷಗಳಲ್ಲಿ ತೆಗೆದ ಚಿನ್ನವು ಸುಮಾರು ೮೦೦ ಟನ್ನುಗಳೆಂದು ಎಣಿಕೆ.

ಈ ಚಿನ್ನವು ಸಹಸ್ರಾರು ಮನೆಗಳಿಗೆ ಅನ್ನವನ್ನಿತ್ತುದು ನಿಜ. ಆಳದ ಬೇಗೆಯಲ್ಲಿ, ಕಲ್ಲಿನ ಧೂಳಿನಲ್ಲಿ ದುಡಿದವರ ಕಾಯಕವು ಯಾವ ಕಾಯಕಕ್ಕೂ ಕಡಮೆಯಲ್ಲ. ಆ ಧೂಳಿನಿಂದ ಶ್ವಾಸಕೋಶ ಕೆಟ್ಟು ಅಳಿದವರು ಅನೇಕರು. ಆದರೆ ಲಾಭದ ಬಹುಪಾಲು ಸಮುದ್ರದಾಚೆಗೆ ಹೋಯಿತು. ೧೯೫೬ರಲ್ಲಿ ಗಣಿಗಳು ಸರ್ಕಾರದ ವಶಕ್ಕೆ ಬರುವ ವೇಳೆಗೆ ಸುಲಭವಾದ ಅದಿರು ತೀರಿಹೋಗಿತ್ತು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು. ದುಡಿದವರಿಗೆ ಉಳಿದುದು ಸೈನೈಡಿನ ಮಣ್ಣಿನ ದಿಬ್ಬಗಳು ಮತ್ತು ಬೆಂಗಳೂರಿಗೆ ಮುಂಜಾನೆ ಹೊರಡುವ ರೈಲು.

ಇಲ್ಲಿಯೇ ಒಂದು ವಿಚಾರವು ಸ್ಮರಣೀಯವಾಗಿದೆ. ಚಿನ್ನದ ಊರು ಬೆಳೆದಾಗ ಅಲ್ಲಿಯ ಜನಕ್ಕೆ ಕುಡಿಯುವ ನೀರು ಬಂದುದು ಬೇತಮಂಗಲದ ಕೆರೆಯಿಂದ. ವಿಜಯಾದಿತ್ಯಮಂಗಲವೆಂಬ ಹಳೆಯ ಹೆಸರಿನ ಆ ಊರಿನ ಕೆರೆಯು ಒಡೆದಾಗ ಹತ್ತನೆಯ ಶತಮಾನದಲ್ಲಿ ನೊಳಂಬರು ಅದನ್ನು ಸರಿಪಡಿಸಿದರು. ಹೊನ್ನನ್ನು ಅಗೆಯುವವನ ಬಾಯಾರಿಕೆಯನ್ನು ಹೊನ್ನು ತಣಿಸಲಿಲ್ಲ. ಸಾವಿರ ವರ್ಷಗಳ ಹಿಂದೆ ಯಾರೋ ಹೊತ್ತು ಹಾಕಿದ ಮಣ್ಣಿನ ಬುಟ್ಟಿಯು ತಣಿಸಿತು. ತೆಗೆದಷ್ಟೂ ಕ್ಷಯಿಸುವ ಧನವೊಂದು, ಕಾದಷ್ಟೂ ಮರಳಿ ತುಂಬುವ ಧನವೊಂದು. ಮೊದಲನೆಯದರಿಂದ ಗಳಿಸಿದವನು ಅದರ ಪಾಲೊಂದನ್ನು ಎರಡನೆಯದಕ್ಕೆ ಹಾಕದಿದ್ದರೆ ಅವನ ಮಕ್ಕಳಿಗೆ ಬರಿಯ ಗುಂಡಿಯೇ ಆಸ್ತಿ.

೬. ಇಂದಿಗೆ ಸಲ್ಲುವ ಪಾಠ

ಹೀಗಿದ್ದರೂ ಕೆರೆಗಳ ವಿಷಯದಲ್ಲಿ ಈ ಸೀಮೆಯು ಪೂರ್ವಿಕರ ಎಚ್ಚರವನ್ನು ಉಳಿಸಿಕೊಳ್ಳಲಿಲ್ಲ. ಕೊಳವೆಬಾವಿಗಳು ಬಂದ ಮೇಲೆ ತೂಬನ್ನು ನೋಡುವವರಿಲ್ಲದಾದರು, ನೀರುಗಂಟಿಯ ಸರದಿಯು ಮರೆತುಹೋಯಿತು. ಬಾವಿಗಳು ಸಾವಿರ ಅಡಿಗಳನ್ನು ದಾಟಿದವು. ಅಷ್ಟು ಆಳದಿಂದ ಬಂದ ನೀರಿನೊಡನೆ ಹಲ್ಲನ್ನೂ ಮೂಳೆಯನ್ನೂ ಕೆಡಿಸುವ ಫ್ಲೋರೈಡು ಸಹ ಬಂದಿತು. ಚಿನ್ನದ ಗಣಿಗೆ ಆದುದೇ ನೀರಿನ ಗಣಿಗೂ ಆಯಿತು. ೨೦೧೮ರಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆನೀರು ಕೋರಮಂಗಲ ಚಲ್ಲಘಟ್ಟ ಕಣಿವೆಯ ಯೋಜನೆಯಿಂದ ಲಕ್ಷ್ಮೀಸಾಗರದ ಕೆರೆಗೆ ಹರಿದು, ಅಲ್ಲಿಂದ ಕೆರೆಯಿಂದ ಕೆರೆಗೆ ಸಾಗಿತು. ಹಳೆಯವರು ಕಟ್ಟಿದ ಏರಿಗಳೂ ಕೋಡಿಗಳೂ ಇಲ್ಲದಿದ್ದರೆ ಆ ನೀರಿಗೆ ನಿಲ್ಲಲು ನೆಲೆಯೇ ಇರುತ್ತಿರಲಿಲ್ಲ.

ಶ್ರೀನಿವಾಸಪುರದ ಮಾವಿನ ತೋಪುಗಳು ಈ ತತ್ತ್ವಕ್ಕೆ ಜೀವಂತ ದೃಷ್ಟಾಂತ. ತಾತನು ನೆಟ್ಟುದರ ಫಲವನ್ನು ಮೊಮ್ಮಗನು ಉಣ್ಣುವನು; ಉಂಡವನು ಮತ್ತೊಂದು ಸಸಿಯನ್ನು ನೆಡದಿದ್ದರೆ ಆ ಸಾಲವು ತೀರುವುದಿಲ್ಲ. ಇಟ್ಟಿಗೆ ಹೆಂಚುಗಳಿಗೆ ಹೆಸರಾದ ಮಾಲೂರಿಗೂ ಇದೇ ನ್ಯಾಯ. ಕೆರೆಯ ಹೂಳನ್ನು ಹದವರಿತು ತೆಗೆದರೆ ಗೂಡಿಗೆ ಮಣ್ಣು ಸಿಕ್ಕುವುದು, ಕೆರೆಗೆ ಆಳವು ಸಿಕ್ಕುವುದು. ಹದವರಿಯದೆ ಬಗೆದರೆ ಎರಡೂ ಕೆಡುವುವು.

ಆದುದರಿಂದ ಪ್ರಾಚೀನರ ಅರ್ಥೋಪದೇಶವನ್ನು ಸಂಗ್ರಹಿಸುವುದಾದರೆ, ದುಡಿಮೆಯು ಶುದ್ಧವಾಗಿರಲಿ, ಭೋಗವು ಮಿತವಾಗಿರಲಿ, ಲೆಕ್ಕವು ಬಿಚ್ಚಿದಂತಿರಲಿ, ಮೂಲವು ಅಕ್ಷಯವಾಗಿರಲಿ, ಮಿಕ್ಕುದು ದಾಸೋಹಕ್ಕೆ ಸಲ್ಲಲಿ ಎಂಬಷ್ಟೇ ಆಗುವುದು. ಮಠದ ದಾಸೋಹದಲ್ಲಿ ಬೇಯುವ ಅಕ್ಕಿಯು ಯಾವನೋ ಭಕ್ತನ ಬೆವರಿನಿಂದಲೂ ಯಾವುದೋ ಕೆರೆಯ ನೀರಿನಿಂದಲೂ ಬಂದುದು. ಪ್ರಸಾದವನ್ನು ಸ್ವೀಕರಿಸಿದ ಸದ್ಭಕ್ತರು ತಮ್ಮ ಊರಿನ ಕೆರೆಯ ಏರಿಗೆ ವರ್ಷಕ್ಕೊಂದು ಬುಟ್ಟಿ ಮಣ್ಣನ್ನು ಹಾಕಿದರೆ ಆವಣಿಯ ತಪಸ್ವಿಯ ಕಾರ್ಯವೂ ಕಲ್ಯಾಣದ ಶರಣರ ಕಾಯಕವೂ ಈ ಸೀಮೆಯಲ್ಲಿ ಮುಂದುವರಿದಂತಾಗುವುದು.