ಕಡಲ ಪಾಚಿಗೆ ಸಕ್ಕರೆ ಅಂಟಿದ ಬಗೆ

ಆಹಾರದಲ್ಲಿ ಇದು ಗ್ರಾಹ್ಯ, ಇದು ವರ್ಜ್ಯ ಎಂಬ ವಿಚಾರ ನಮ್ಮವರಿಗೆ ಹೊಸದಲ್ಲ. ಚಾತುರ್ಮಾಸ್ಯದಲ್ಲಿ ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತಗಳೆಂದು ತಿಂಗಳಿಗೊಂದರಂತೆ ತರಕಾರಿ, ಮೊಸರು, ಹಾಲು, ಬೇಳೆಕಾಳುಗಳನ್ನು ಬಿಡುವ ಪದ್ಧತಿ ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಅಂಗಡಿಯ ಹಿಂಗಿನಲ್ಲಿ ಮೈದಾ ಬೆರೆತಿರುತ್ತದೆಂದು ಏಕಾದಶಿಯಂದು ಅದನ್ನು ಮುಟ್ಟದಿದ್ದ ಹಿರಿಯರನ್ನು ನಾನು ಕಂಡಿದ್ದೇನೆ. ಅಮೆರಿಕದಲ್ಲಿ 2009ರಲ್ಲಿ ಆರಂಭವಾದ 'ಹೋಲ್30' ಎಂಬ ಪಥ್ಯಕ್ರಮದ ಜಾಡೂ ಹೆಚ್ಚುಕಡಿಮೆ ಇದೇ. ದೇವರ ಹೆಸರೊಂದು ಇಲ್ಲ ಅಷ್ಟೆ. ಮೂವತ್ತು ದಿನಗಳ ಕಾಲ ಸಕ್ಕರೆ, ಬೆಲ್ಲ, ಜೇನು ಯಾವುದೂ ಕೂಡದು. ಧಾನ್ಯ, ಬೇಳೆಕಾಳು, ಸೋಯಾ, ಮದ್ಯ ಕೂಡದು. ಹಾಲಿನ ಪದಾರ್ಥಗಳಲ್ಲಿ ತುಪ್ಪಕ್ಕೆ ಮಾತ್ರ ವಿನಾಯಿತಿ.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈ ವ್ರತ ಹಿಡಿದಿದ್ದಳು. ಸಂಜೆಯ ಹಸಿವಿಗೆಂದು ಹುರಿದ ಕಡಲ ಪಾಚಿಯ ತೆಳು ಹಾಳೆಗಳನ್ನು ಕೊಳ್ಳಲು ಹೋಗಿ, ಎರಡು ಪೊಟ್ಟಣಗಳ ಮೇಲಿನ ಬರಹವನ್ನು ಹೋಲಿಸಿ ಓದಿದಳಂತೆ. ಒಂದರಲ್ಲಿ ಪಾಚಿ, ಎಣ್ಣೆ, ಉಪ್ಪು ಎಂದಷ್ಟೇ ಇತ್ತು. ಇನ್ನೊಂದರಲ್ಲಿ ಸಕ್ಕರೆ, ಸೋಯಾ ಸಾಸ್, ಗೋಧಿ ಎಲ್ಲವೂ ಇದ್ದವು. "ಎಲೆ ಒಂದೇ ಅಲ್ಲವೇ ಸರ್, ಇದಕ್ಕೆ ಸಕ್ಕರೆ ಹಾಕಿದವರು ಯಾರು?" ಎಂದು ಬರೆದಿದ್ದಳು. ಇತಿಹಾಸ ಪಾಠ ಮಾಡಿದವನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೇ?

ಕಡಲ ಪಾಚಿ ನಮ್ಮ ಅಡುಗೆಮನೆಗೆ ಪರಿಚಿತವಾದದ್ದು 'ಚೈನಾ ಗ್ರಾಸ್' ಎಂಬ ಹೆಸರಿನಲ್ಲಿ, ಹೆಪ್ಪುಗಟ್ಟಿಸುವ ವಸ್ತುವಾಗಿ. ಜಪಾನಿನಲ್ಲಾದರೋ ಅದು ಶತಮಾನಗಳ ನಿತ್ಯಾಹಾರ. ಅಲ್ಲಿನ 701ನೇ ಇಸವಿಯ ತೈಹೋ ಸಂಹಿತೆಯಲ್ಲಿ, ಪ್ರಜೆಗಳು ಅರಸನಿಗೆ ತೆರಿಗೆಯಾಗಿ ಸಲ್ಲಿಸಬೇಕಾದ ಪದಾರ್ಥಗಳ ಪಟ್ಟಿಯಲ್ಲಿಯೇ ಕಡಲ ಪಾಚಿಗಳಿದ್ದವು. ಅವುಗಳಲ್ಲಿ 'ನೋರಿ' ಎಂಬುದು ಕೆಂಪು ಪಾಚಿಯ ಜಾತಿಗೆ ಸೇರಿದ್ದು; ಒಣಗಿದಾಗ ಕಪ್ಪಾಗಿ, ಹುರಿದಾಗ ಹಸಿರಾಗುತ್ತದೆ. ಇಂದಿನ ಟೋಕಿಯೋ ನಗರ ಎದೋ ಎನಿಸಿಕೊಂಡಿದ್ದ ಕಾಲದಲ್ಲಿ, ಕಾಗದ ತಯಾರಿಸುವಂತೆಯೇ ಇದನ್ನು ಸಣ್ಣಗೆ ಕೊಚ್ಚಿ, ನೀರಿನಲ್ಲಿ ಕದಡಿ, ಚಾಪೆಯ ಮೇಲೆ ಹರಡಿ, ಹಾಳೆಯಾಗಿ ಒಣಗಿಸುವ ಕಲೆ ಬೆಳೆಯಿತು. ಈಗಿನ ರೂಢಿಯ ಹಾಳೆಯೊಂದರ ಅಳತೆ 21 × 19 ಸೆಂ.ಮೀ., ತೂಕ ಸುಮಾರು 3 ಗ್ರಾಂ.

ಅಲ್ಲಿಯವರೆಗೆ ಹಾಳೆಯೊಳಗೆ ಪಾಚಿಯಲ್ಲದೆ ಮತ್ತೇನೂ ಇರಲಿಲ್ಲ. 1849ರಲ್ಲಿ ಎದೋ ನಗರದ ನಿಹೊಂಬಾಶಿಯಲ್ಲಿ ಯಾಮಾಮೊಟೊ ಮನೆತನದವರು ನೋರಿಯ ಅಂಗಡಿ ತೆರೆದರು. 1869ರಲ್ಲಿ ಮೇಜಿ ಚಕ್ರವರ್ತಿ ಕ್ಯೋಟೋಗೆ ಹೊರಟಾಗ, ಅಲ್ಲಿಗೆ ಕೊಂಡೊಯ್ಯಲು ತಕ್ಕ ಉಡುಗೊರೆಯೊಂದು ಬೇಕಾಯಿತು. ಆಗ ಆ ಅಂಗಡಿಯ ಎರಡನೆಯ ತಲೆಮಾರಿನ ಯಾಮಾಮೊಟೊ ತೊಕುಜಿರೊ ರುಚಿಗೂಡಿಸಿದ ನೋರಿಯನ್ನು ಸಿದ್ಧಪಡಿಸಿದರು. 'ಅಜಿತ್ಸುಕೆ ನೋರಿ' ಎಂಬ ಆ ಬಗೆಯನ್ನು ಇಂದು ಸೋಯಾ ಸಾಸ್, ಸಕ್ಕರೆ, ಮಿರಿನ್ ಎಂಬ ಸಿಹಿಯಾದ ಅಕ್ಕಿಮದ್ಯ ಮುಂತಾದವುಗಳಿಂದ ತಯಾರಿಸುತ್ತಾರೆ. ಸಾಮಾನ್ಯ ಸೋಯಾ ಸಾಸ್‌ನಲ್ಲಿ ಸೋಯಾ ಅಲ್ಲದೆ ಗೋಧಿಯೂ ಇರುತ್ತದೆ. ಅಂದಮೇಲೆ ದ್ವಿದಳ, ಧಾನ್ಯ, ಸಕ್ಕರೆ, ಮದ್ಯ ಎಂಬ ನಾಲ್ಕು ವರ್ಜ್ಯಗಳೂ ಒಂದೇ ಲೇಪನದಲ್ಲಿ ಬಂದು ಕೂತವು! ಅರಮನೆಯ ಉಡುಗೊರೆಯಾಗಿ ಹುಟ್ಟಿದ ರುಚಿ ಇಂದು ವ್ರತಸ್ಥರ ಪಾಲಿಗೆ ತೊಡಕಾಗಿದೆ.

ಕೊರಿಯಾದ ಸಂಪ್ರದಾಯ ಬೇರೆ. ಅಲ್ಲಿ ಇದೇ ಬಗೆಯ ಪಾಚಿಗೆ 'ಗಿಮ್' ಎಂದು ಹೆಸರು. ಹಾಳೆಗೆ ಎಳ್ಳೆಣ್ಣೆಯನ್ನೋ ಪೆರಿಲ್ಲಾ ಎಂಬ ಗಿಡದ ಬೀಜದ ಎಣ್ಣೆಯನ್ನೋ ಸವರಿ, ಉಪ್ಪು ಉದುರಿಸಿ ಹುರಿಯುತ್ತಾರೆ. ಆದ್ದರಿಂದ ಪಥ್ಯ ಹಿಡಿದವರಿಗೆ ಸಾಮಾನ್ಯವಾಗಿ ಒಗ್ಗುವುದು ಈ ಮಾದರಿಯೇ. ಹಾಗೆಂದು ಕೊರಿಯಾದ್ದೆಲ್ಲ ಒಗ್ಗುತ್ತದೆಂದು ಭಾವಿಸಲಾಗದು. 'ಬುಗಾಕ್' ಎಂಬುದು ಪಾಚಿಗೆ ಅಂಟಕ್ಕಿಯ ಗಂಜಿ ಬಳಿದು, ಒಣಗಿಸಿ, ನಮ್ಮ ಸಂಡಿಗೆಯಂತೆ ಕರಿದ ತಿನಿಸು. ಹಿಟ್ಟಿನಲ್ಲಿ ಅದ್ದಿ ಕರಿದವೂ ಇವೆ. ಪೊಟ್ಟಣದ ಮುಂಭಾಗದಲ್ಲಿ 'ಸಹಜ', 'ಶುದ್ಧ' ಎಂದು ಏನೇ ಬರೆದಿರಲಿ, ಹಿಂಭಾಗದ ಸಣ್ಣಕ್ಷರಗಳೇ ಪ್ರಮಾಣ. ಅಲ್ಲಿ ಪಾಚಿ, ಎಣ್ಣೆ, ಉಪ್ಪು ಎಂಬ ಮೂರೇ ಹೆಸರುಗಳಿದ್ದರೆ ನಿಶ್ಚಿಂತೆ. ಏನೂ ಬೆರೆಸದ ಹಾಳೆಯನ್ನು ತಂದು, ಕಾದ ಕಾವಲಿಯ ಮೇಲೆ ಹಪ್ಪಳದಂತೆ ತಿರುವಿ ಹಾಕಿ ಹುರಿದುಕೊಂಡರೆ ಇನ್ನೂ ಉತ್ತಮ.

ವ್ರತದ ನಿಯಮಕ್ಕೆ ಒಗ್ಗಿದ್ದೆಲ್ಲವೂ ದೇಹಕ್ಕೆ ಒಗ್ಗಬೇಕೆಂದೇನೂ ಇಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ ಸುಮಾರು 150 ಮೈಕ್ರೋಗ್ರಾಂ. ನೋರಿಯಲ್ಲಿ ಅದರ ಪ್ರಮಾಣ ಮಿತವಾಗಿದೆ. ಆದರೆ ಸಾರಿಗೆ ಬಳಸುವ 'ಕೊಂಬು' ಎಂಬ ಕಂದು ಪಾಚಿಯ ಒಂದೆರಡು ಗ್ರಾಂ ಸಾಕು, ದಿನದ ಸುರಕ್ಷಿತ ಮಿತಿಯನ್ನೇ ದಾಟಿಬಿಡಬಹುದು. ಥೈರಾಯ್ಡ್ ತೊಂದರೆಯಿರುವವರು ವೈದ್ಯರನ್ನು ಕೇಳದೆ ಇದನ್ನು ತಿನ್ನಬಾರದು. 'ಹಿಜಿಕಿ' ಎಂಬ ಪಾಚಿಯಲ್ಲಿ ಆರ್ಸೆನಿಕ್ ಅಂಶ ಹೆಚ್ಚೆಂದು ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2004ರಲ್ಲಿಯೇ ಅದನ್ನು ತಿನ್ನದಿರಲು ಸಲಹೆ ನೀಡಿತು.

ಇನ್ನು, ಹೀಗೆ ಆರಿಸಿ ಕೊಳ್ಳುವಷ್ಟು ಹೇರಳವಾಗಿ ನೋರಿ ದೊರೆಯುತ್ತಿರುವುದರ ಹಿಂದೆಯೂ ಒಂದು ಕಥೆಯಿದೆ. ಜಪಾನಿನ ಬೆಸ್ತರು ಆಳವಿಲ್ಲದ ಕಡಲಿನಲ್ಲಿ ಕೊಂಬೆಗಳನ್ನೂ ಬಲೆಗಳನ್ನೂ ಹೂಡಿ ನೋರಿ ಬೆಳೆಯುತ್ತಿದ್ದರು, ನಿಜ. ಆದರೆ ಅದರ ಬೀಜ ಎಲ್ಲಿಂದ ಬರುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎರಡನೆಯ ಮಹಾಯುದ್ಧದ ಅನಂತರದ ವರ್ಷಗಳಲ್ಲಿ ಬೆಳೆ ಕೈಕೊಟ್ಟಾಗ ಅವರಿಗೆ ದಿಕ್ಕು ತೋಚಲಿಲ್ಲ.

ಉತ್ತರ ದೊರೆತದ್ದು ಇಂಗ್ಲೆಂಡಿನಲ್ಲಿ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕಿಯಾಗಿದ್ದ ಕ್ಯಾಥ್ಲೀನ್ ಡ್ರೂ ಅವರು 1928ರಲ್ಲಿ ವಿವಾಹವಾದಾಗ, ವಿವಾಹಿತ ಸ್ತ್ರೀಯರಿಗೆ ಕೆಲಸವಿಲ್ಲವೆಂಬ ಅಂದಿನ ನಿಯಮದಿಂದ ಹುದ್ದೆ ಕಳೆದುಕೊಂಡರು. ಆದರೂ ಸಂಶೋಧನೆ ಬಿಡಲಿಲ್ಲ. ಚಿಪ್ಪುಗಳೊಳಗೆ ಬೆಳೆಯುವ ಗುಲಾಬಿ ಬಣ್ಣದ ಸೂಕ್ಷ್ಮ ಪಾಚಿಯನ್ನು ವಿಜ್ಞಾನಿಗಳು ಬೇರೆಯೇ ಜೀವಿಯೆಂದು ಎಣಿಸಿದ್ದರು. ಅದು ನೋರಿಯ ಸಮೀಪಬಂಧುವಾದ ಬ್ರಿಟಿಷ್ ಪಾಚಿಯೊಂದರ ಬಾಲ್ಯಾವಸ್ಥೆ ಎಂದು ಅವರು 1949ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಸುಳಿವು ಹಿಡಿದು ಕ್ಯುಶು ವಿಶ್ವವಿದ್ಯಾಲಯದ ಸೊಕಿಚಿ ಸೆಗಾವ ಮೊದಲಾದ ಜಪಾನೀ ವಿಜ್ಞಾನಿಗಳು ನೋರಿಯ ಜೀವನಚಕ್ರವನ್ನು ಅರಿತರು. ಚಿಪ್ಪುಗಳ ಮೇಲೆ ಸಸಿ ಬೆಳೆಸಿ ಬಲೆಗಳಿಗೆ ಹಾಯಿಸುವ ವಿಧಾನ ರೂಪುಗೊಂಡಿತು. ಅದೃಷ್ಟದ ಬೆಳೆ ಅಂದಿನಿಂದ ವ್ಯವಸಾಯವಾಯಿತು.

ಡ್ರೂ 1957ರಲ್ಲಿ ತೀರಿಕೊಂಡರು. ಜಪಾನನ್ನು ಅವರು ಕಣ್ಣಾರೆ ಕಂಡವರಲ್ಲ. 1963ರಲ್ಲಿ ಕುಮಾಮೊಟೊ ಪ್ರಾಂತದ ಉತೋ ಎಂಬ ಊರಿನಲ್ಲಿ, ಅರಿಯಾಕೆ ಕೊಲ್ಲಿಗೆ ಎದುರಾಗಿ, ನೋರಿ ಬೆಳೆಗಾರರು ಅವರ ಸ್ಮಾರಕ ನಿಲ್ಲಿಸಿದರು. ಪ್ರತಿ ವರ್ಷ ಏಪ್ರಿಲ್ 14ರಂದು ಅಲ್ಲಿ ನಡೆಯುವ ಸ್ಮರಣೋತ್ಸವದಲ್ಲಿ ಅವರನ್ನು 'ಕಡಲ ತಾಯಿ' ಎಂದು ಕರೆದು ನಮಿಸುತ್ತಾರೆ.