ಕಾಗದಕ್ಕೆ ಕಾಸು, ಪರದೆಗೆ ಯಾಕಿಲ್ಲ?



ಬೀಸ್ಟನ್ನಿನ ನಮ್ಮ ಮನೆಯ ಅಟ್ಟದಲ್ಲಿ ಒಂದು ಪೆಟ್ಟಿಗೆ ತುಂಬ ಹಳೆಯ ‘ಸುಧಾ’, ‘ಮಯೂರ’ ಸಂಚಿಕೆಗಳಿವೆ. ಊರಿಗೆ ಹೋದಾಗಲೆಲ್ಲ ಕೊಂಡು, ಸೂಟ್‌ಕೇಸಿನಲ್ಲಿ ಬಟ್ಟೆ ಕಡಿಮೆ ಮಾಡಿ ತಂದವು. ಮೊನ್ನೆ ಅವನ್ನು ನೋಡಿದ ಮಗಳು ಕೇಳಿದಳು: “ಅಮ್ಮ, ಇದಕ್ಕೆಲ್ಲ ದುಡ್ಡು ಕೊಟ್ಟಿದ್ದೀಯ. ಫೋನಿನಲ್ಲಿ ದಿನಾ ಕನ್ನಡ ಓದ್ತೀಯಲ್ಲ, ಅದಕ್ಕೆ ಎಷ್ಟು ಕೊಟ್ಟಿದ್ದೀಯ?” ಒಂದು ಪೆನ್ನಿಯೂ ಇಲ್ಲ. ಕನ್ನಡದಲ್ಲಿ ಎಂ.ಎ. ಮಾಡಿದವಳು ನಾನು, ಹೇಳಲು ನಾಚಿಕೆಯಾಯಿತು. ಇವತ್ತಿನ ಮಾತು ಆ ಪ್ರಶ್ನೆಯ ಬಗ್ಗೆಯೇ.

ನಮ್ಮ ಲೀಡ್ಸ್‌ನಿಂದಲೇ ಶುರು ಮಾಡೋಣ. ಫುಟ್‌ಬಾಲ್ ನೋಡಲು ನೀವು ಬೀಸ್ಟನ್ನಿನ ಎಲ್ಲಂಡ್ ರೋಡ್ ಮೈದಾನಕ್ಕೆ ಬಂದಿರಬಹುದು. ಅಲ್ಲಿಂದ ಸ್ವಲ್ಪ ದೂರ, ನಗರದ ನಡುವೆ, 1837ರ ನವೆಂಬರ್‌ನಲ್ಲಿ ‘ನಾರ್ದರ್ನ್ ಸ್ಟಾರ್’ ಎಂಬ ವಾರಪತ್ರಿಕೆ ಹುಟ್ಟಿತು. ದುಡಿಯುವ ಗಂಡಸರಿಗೂ ಮತದ ಹಕ್ಕು ಬೇಕೆಂದು ಹೋರಾಡಿದ ಚಾರ್ಟಿಸ್ಟರ ಪತ್ರಿಕೆ ಅದು. ಬೆಲೆ ನಾಲ್ಕೂವರೆ ಪೆನ್ನಿ. ಅದರಲ್ಲಿ ಒಂದು ಪೆನ್ನಿ ಸರ್ಕಾರದ ಸ್ಟ್ಯಾಂಪ್ ತೆರಿಗೆ. ನೇಕಾರರಿಗೆ, ಗಿರಣಿ ಕೆಲಸಗಾರರಿಗೆ ಇದು ಸಣ್ಣ ಹಣವಲ್ಲ. ಆದರೂ ನಾಲ್ಕಾರು ಜನ ಕಾಸು ಕೂಡಿಸಿ ಒಂದು ಪ್ರತಿ ಕೊಳ್ಳುತ್ತಿದ್ದರು. ಓದು ಬಲ್ಲವನೊಬ್ಬ ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಸುತ್ತ ಕೂತು ಕೇಳುತ್ತಿದ್ದರು. ಇದು ನಮ್ಮ ಪತ್ರಿಕೆ, ನಾವು ಕೊಡದಿದ್ದರೆ ನಿಂತುಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ನಮ್ಮ ನಾಡಿನಲ್ಲೂ ಹೀಗೆಯೇ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಸಂಪಾದಕ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್. ಬೆಲೆ ಒಂದು ದುಡ್ಡು. ಆಗ ದುಡ್ಡು ಅಂದರೆ ತಾಮ್ರದ ಒಂದು ಸಣ್ಣ ನಾಣ್ಯ. ಮುಂದೆ ಗಳಗನಾಥರು ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ಸುತ್ತಿ ಮಾರಿದರು. ಬರೆದವರೇ ಬಾಗಿಲಿಗೆ ಬಂದು ನಿಂತಾಗ ಬಿಟ್ಟಿ ಕೊಡಿ ಎನ್ನಲು ಯಾರಿಗೆ ಬಾಯಿ ಬಂದೀತು? 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ತೆಗೆದುಕೊಳ್ಳಲಿಲ್ಲ. ಓದುಗರು ಕೊಟ್ಟ ಹಣದಲ್ಲೇ ನಡೆದದ್ದರಿಂದ ಯಾರ ಮುಲಾಜೂ ಇಲ್ಲದೆ ಬರೆಯಿತು.

ಅಂತರಜಾಲದ ಕಥೆ ಬೇರೆ. 1996ರಲ್ಲಿ ಪವನಜರು ‘ವಿಶ್ವಕನ್ನಡ’ ಎಂಬ ಜಾಲಪತ್ರಿಕೆ ತೆರೆದಾಗ, ಕನ್ನಡ ಅಕ್ಷರ ಪರದೆಯ ಮೇಲೆ ಕಾಣಿಸಿದ್ದೇ ದೊಡ್ಡ ಸಂಭ್ರಮ. ಆಮೇಲೆ ಬಂದ ತಾಣಗಳೂ ಹೆಚ್ಚಾಗಿ ಬಿಟ್ಟಿಯೇ. ಮೊದಲ ದಿನದಿಂದ ಉಚಿತವಾಗಿ ಸಿಕ್ಕಿದ್ದಕ್ಕೆ ಆಮೇಲೆ ಬೆಲೆ ಕೇಳಿದರೆ ಯಾರಿಗೂ ಹಿಡಿಸುವುದಿಲ್ಲ. ಕಾಗದದ ಪತ್ರಿಕೆಯಾದರೆ ಕೈಯಲ್ಲಿ ಭಾರವಿರುತ್ತದೆ, ಪಕ್ಕದ ಮನೆಗೆ ಕೊಡಬಹುದು, ಎತ್ತಿಡಬಹುದು. ಪರದೆಯ ಮೇಲಿನ ಬರಹಕ್ಕಾದರೆ, ಫೋನಿಗೆ, ಬ್ರಾಡ್‌ಬ್ಯಾಂಡಿಗೆ ತಿಂಗಳ ಹಣ ಕಟ್ಟಿದ ಮೇಲೆ ಎಲ್ಲವನ್ನೂ ಕೊಂಡೆವು ಅನ್ನಿಸಿಬಿಡುತ್ತದೆ. ಆ ಹಣದಲ್ಲಿ ಬರೆದವರಿಗೆ ಒಂದು ಕಾಸೂ ಹೋಗುವುದಿಲ್ಲ.

ಹಾಗಂತ ಬಾಗಿಲಿಗೆ ಬೀಗ ಹಾಕುವುದೊಂದೇ ದಾರಿಯಲ್ಲ. 1821ರಲ್ಲಿ ಪಕ್ಕದ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ‘ಗಾರ್ಡಿಯನ್’ ತನ್ನ ಜಾಲತಾಣವನ್ನು ಎಲ್ಲರಿಗೂ ತೆರೆದಿಟ್ಟು, ಆದಷ್ಟು ಕೊಡಿ ಎಂದು ಓದುಗರನ್ನೇ ಕೇಳುತ್ತದೆ. ಕೊಡುವವರೂ ಇದ್ದಾರೆ.

ನನ್ನ ಅಟ್ಟದ ಪೆಟ್ಟಿಗೆ ಇನ್ನೂ ಇದೆ. ಆದರೆ ನಾನು ಪ್ರೀತಿಯಿಂದ ಓದುತ್ತಿದ್ದ ಕನ್ನಡ ತಾಣಗಳಲ್ಲಿ ಕೆಲವು ಈಗ ತೆರೆಯುವುದೇ ಇಲ್ಲ. ಅಲ್ಲಿದ್ದ ಕಥೆ, ಲೇಖನ ಎಲ್ಲಿ ಹೋದವೋ! ನಡೆಸುವವರು ಕೆಲಸ ಮುಗಿಸಿ ಬಂದು, ರಾತ್ರಿ ನಿದ್ದೆ ಬಿಟ್ಟು, ಕೈಯಿಂದ ಹಣ ಹಾಕಿ ಎಷ್ಟು ದಿನ ನಡೆಸಿಯಾರು?

ಮಗಳೂ ನಾನೂ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಒಂದು ಕನ್ನಡ ಜಾಲಪತ್ರಿಕೆಗೆ ತಿಂಗಳಿಗೆ ಐದು ಪೌಂಡ್. ಮೂರು ನನ್ನದು, ಎರಡು ಅವಳ ಶನಿವಾರದ ಕೆಲಸದ ಸಂಬಳದ್ದು. ಅವಳಿಗೆ ಕನ್ನಡ ಓದುವುದು ಇನ್ನೂ ನಿಧಾನ. ಹಾಗಾಗಿ ಭಾನುವಾರ ನಾನು ಗಟ್ಟಿಯಾಗಿ ಓದುತ್ತೇನೆ, ಅವಳು ಕೇಳುತ್ತಾಳೆ. ನಿಮ್ಮ ಮನೆಯಲ್ಲೂ ಓದಿ ಹೇಳುವವರು ಒಬ್ಬರಾದರೂ ಇದ್ದಾರಲ್ಲ, ಇವತ್ತೇ ಕೇಳಿ ನೋಡಿ.